ಹೊಳೆ ಬೀದಿಗೆ ಸುಣ್ಣ ಬಳಿದವನು

ಯಾವ ಮನೆಗೆ ಕಾಲಿಟ್ಟರೂ ಮೇಸ್ತ್ರಿ ಮೊದಲು ಮನೆಯವರ ಮುಖ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದ. ಗೋಡೆಯ ಬುಡವಲ್ಲ, ಸೂರಿನ ಕಡೆಯೂ ಅಲ್ಲ, ತನ್ನ ಎದೆಯ ಎತ್ತರಕ್ಕೆ ಬರುವ ಜಾಗ. ಅಲ್ಲಿ ಅಂಗೈ ಊರಿ, ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತು, ಆಮೇಲೆ ತಿರುಗಿ "ಏನ್ ಸಮಾಚಾರ" ಎನ್ನುತ್ತಿದ್ದ. ಕುಶಾಲನಗರದ ಹೊಳೆ ಬೀದಿಯಲ್ಲಿ ಅವನ ಈ ಅಭ್ಯಾಸವನ್ನು ಎಲ್ಲರೂ ಕಂಡಿದ್ದರು. ಯಾರೂ ಅದರ ಮಾತೆತ್ತುತ್ತಿರಲಿಲ್ಲ. ನಾನು ಊರಿಗೆ ಹೊಸಬ. ಗಾರೆ ಕೆಲಸದವನ ಚಟ ಇರಬೇಕು ಅಂದುಕೊಂಡು ಸುಮ್ಮನಾಗಿದ್ದೆ.

ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಮೇಸ್ತ್ರಿ ಎಂದರೆ ಅವನೊಬ್ಬನೇ. ನಮ್ಮ ಹಾಗೆಯೇ ಹಾಸನದ ಕಡೆಯಿಂದ ಬಂದವನು, ಆದರೆ ನಮಗಿಂತ ಮೂವತ್ತು ವರ್ಷ ಮೊದಲೇ ಬಂದವನು. ಎತ್ತರದ ಆಳು, ಸುಣ್ಣ ತಿಂದು ಬಿರಿದ ಬೆರಳುಗಳು, ಎಡಗಣ್ಣಿನ ಮೇಲೆ ಒಂದು ಬಿಳಿ ಪೊರೆ. ಸುಣ್ಣ ಸಿಡಿದು ಆದದ್ದಂತೆ. ಮಂಗಳೂರಿನ ಕಡೆಯಿಂದ ಸಂಪಾಜೆ ದಾರಿಯಾಗಿ ಬರುತ್ತಿದ್ದ ಚಿಪ್ಪಿನ ಸುಣ್ಣವೇ ಆಗಬೇಕು ಅವನಿಗೆ. ಅದನ್ನು ಅರಳಿಸುವಾಗ ಹತ್ತಿರ ಯಾರನ್ನೂ ಸೇರಿಸುತ್ತಿರಲಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕುದಿಯುವ ಸುಣ್ಣಕ್ಕೆ ಒಂದೊಂದೇ ಚೊಂಬು ನೀರು ಹಾಕುತ್ತ, "ಆತುರ ಬೀಳ್ಬೇಡ, ಆತುರ ಬೀಳ್ಬೇಡ" ಎಂದು ಅದಕ್ಕೇ ಬುದ್ಧಿ ಹೇಳುತ್ತಿದ್ದ. ಮನುಷ್ಯರಿಗೆ ಅಷ್ಟು ಮಾತು ಹೇಳಿದ್ದನ್ನು ನಾನು ಕಡಿಮೆ ಕಂಡಿದ್ದೇನೆ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲವದು. ನನಗೆ ಕುಶಾಲನಗರದಲ್ಲಿ ಪ್ರೈಮರಿ ಶಾಲೆಯ ಮೇಷ್ಟರ ಕೆಲಸವಾಗಿತ್ತು. ಹೆಂಡತಿ, ಕೈಗೂಸು ಮಗಳು, ಬಲಭಾಗ ಬಿದ್ದುಹೋಗಿದ್ದ ನನ್ನ ತಾಯಿ, ಇಷ್ಟು ಜನ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಆ ವರ್ಷ ಬೇಸಿಗೆಯ ಮೊದಲಲ್ಲಿ ಹೊಳೆ ಬೀದಿಯ ಕೊನೆಯ ಮನೆ ಮಾರಾಟಕ್ಕಿದೆ ಎಂದು ಕೇಳಿ ನೋಡಲು ಹೋದೆ. ಮನೆಯ ಯಜಮಾನ ಒಬ್ಬ ಅಂಗಡಿ ಸಾಹುಕಾರ. ಮೇಲೆ ಮಡಿಕೇರಿ ರಸ್ತೆಯ ದಿಬ್ಬದಲ್ಲಿ ಹೊಸ ಮನೆ ಕಟ್ಟಿಸಿದ್ದ. ಮೂರು ಅಂಕಣದ ಮನೆ, ಹೆಂಚಿನ ಮಾಡು, ಹಿತ್ತಲಲ್ಲಿ ಬಾವಿ, ಬಾವಿಯಾಚೆ ಬಿದಿರ ಮೆಳೆ, ಅದರಾಚೆ ಕಾವೇರಿ. ಬೆಲೆ ನನ್ನಂಥವನ ಕೈಗೆ ಎಟುಕುವಷ್ಟು. ಹೊಸ ಸುಣ್ಣ ಬಳಿದು ಗೋಡೆಗಳು ಕಣ್ಣು ಕುಕ್ಕುತ್ತಿದ್ದವು. ಮೇಸ್ತ್ರಿ ಏಣಿಯ ಮೇಲೆ ನಿಂತು ಕೊನೆಯ ಗೋಡೆ ಮುಗಿಸುತ್ತಿದ್ದ.

ನಾನು ತಿಳಿವಳಿಕಸ್ಥನ ಹಾಗೆ ಮನೆ ನೋಡಿದೆ. ತೊಲೆಗಳನ್ನು ಬಡಿದೆ. ಹಕ್ಕುಪತ್ರ ಕೇಳಿದೆ, ಕಂದಾಯ ಕಟ್ಟಿದ ರಸೀದಿ ಕೇಳಿದೆ. ದಾಯಾದಿಗಳ ತಕರಾರಿಲ್ಲವೇ ಎಂದು ಎರಡೆರಡು ಸಲ ಕೇಳಿದೆ. ಏಣಿಯ ಮೇಲಿದ್ದ ಮೇಸ್ತ್ರಿಯನ್ನೂ ಬಿಡಲಿಲ್ಲ.

"ಗೆದ್ದಲು ಇದೆಯೇನಪ್ಪ?"

"ಇಲ್ಲ ಮೇಷ್ಟ್ರೇ. ಈ ಮನೇಲಿ ಗೆದ್ದಲು ನಿಲ್ಲಲ್ಲ."

ಸಾಹುಕಾರ ಜೋರಾಗಿ ನಕ್ಕ. ನಾನೂ ನಕ್ಕೆ.

ನನ್ನ ಹೆಂಡತಿ ಅಷ್ಟರಲ್ಲಿ ಅಟ್ಟ ಹತ್ತಿದ್ದಳು. ಇಳಿದು ಬಂದು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ತೋರಿಸುತ್ತ, "ಅಟ್ಟದ ಹಲಗೆ ಸಂದಿಯಲ್ಲೆಲ್ಲ ಮರಳಿದೆಯಲ್ಲ, ಯಾಕೆ?" ಎಂದು ಮೆಲ್ಲಗೆ ಕೇಳಿದಳು.

"ಗೋಡೆ ಕಟ್ಟಿದಾಗಿನ ಮರಳಿರುತ್ತೆ," ಎಂದೆ.

ಮೇಸ್ತ್ರಿ ಏಣಿಯಿಂದ ಇಳಿದ. ಕುಂಚ ತೊಳೆಯಲು ಬಾವಿಕಟ್ಟೆಗೆ ಹೋಗುವಾಗ ನನ್ನ ಪಕ್ಕದಲ್ಲೇ ಹಾದು, ತಲೆ ಎತ್ತದೆ, "ಒಂದು ಮಳೆಗಾಲ ಕಳೀಲಿ ಮೇಷ್ಟ್ರೇ. ಆಮೇಲೆ ತಗೋಬಹುದು. ಎಲ್ಲಿ ಓಡೋಗ್ತದೆ ಮನೆ?" ಎಂದ.

ಅವನ ಕೈಯಲ್ಲಿ ಬೇರೆ ಗಿರಾಕಿ ಇರಬೇಕು, ಅದಕ್ಕೇ ನನ್ನನ್ನು ಸಾಗಹಾಕಲು ನೋಡುತ್ತಿದ್ದಾನೆ ಎಂದುಕೊಂಡೆ. ಹದಿನೈದು ದಿನದೊಳಗೆ ಪತ್ರ ಮಾಡಿಸಿಕೊಂಡೆ.

ಮೊದಲ ಮಳೆಗಾಲ ಏನೂ ಆಗಲಿಲ್ಲ. ಹೊಳೆ ಬಿದಿರ ಮೆಳೆಯ ತನಕ ಬಂದು ಹಿಂದಕ್ಕೆ ಹೋಯಿತು. ಆ ದಿನಗಳಲ್ಲಿ ಮೇಸ್ತ್ರಿ ತಲೆ ಬೆನ್ನು ಮುಚ್ಚುವ ಓಲೆಯ ಗೊರಬೆ ಹೊದ್ದು ಬೆಳಿಗ್ಗೆ ಸಂಜೆ ದಡದಲ್ಲಿ ನಿಂತಿರುತ್ತಿದ್ದ. ಮಳೆಗಾಲದಲ್ಲಿ ಗಾರೆ ಕೆಲಸವಿಲ್ಲ, ಹೊತ್ತು ಹೋಗದೆ ನಿಂತಿದ್ದಾನೆ ಎಂದು ಬೀದಿಯವರು ನಗುತ್ತಿದ್ದರು. ಒಮ್ಮೆ ನಾನೂ ಕೊಡೆ ಹಿಡಿದು ಪಕ್ಕದಲ್ಲಿ ನಿಂತೆ.

"ಏನು ನೋಡ್ತೀಯ ದಿನಾ?"

"ಏನ್ ತೇಲ್ಕಂಡು ಬತ್ತದೆ ಅಂತ. ಎಲೆ ಕಡ್ಡಿ ಬಂದ್ರೆ ಪರವಾಗಿಲ್ಲ. ಬೇರು ಸಮೇತ ಬಿದಿರು ಬಂತು ಅಂದ್ರೆ ಮೇಲೆಲ್ಲೋ ದಡ ಕುಸಿದದೆ ಅಂತ. ಆಗ ನಿಲ್ಲಬಾರ್ದು."

"ಇಲ್ಲಿಗೂ ಬರುತ್ತದೆಯೇ?" ಎಂದು ಆಗಲಾದರೂ ನಾನು ಕೇಳಬಹುದಿತ್ತು. ಮನೆ ಕೊಂಡವನಿಗೆ ಆ ಪ್ರಶ್ನೆ ಬಾಯಿಗೆ ಬರುವುದಿಲ್ಲ. ಬಂದರೂ ನುಂಗಿಕೊಳ್ಳುತ್ತಾನೆ.

ಎರಡನೆಯ ವರ್ಷ, ಜಡಿಮಳೆಯ ಕಕ್ಕಡ ತಿಂಗಳ ಒಂದು ಬೆಳಿಗ್ಗೆ ಹೊಳೆ ಬಂತು. ಎದುರಿನಿಂದ ಬರಲಿಲ್ಲ. ನಾವೆಲ್ಲ ಹಿತ್ತಲ ಬಾಗಿಲಲ್ಲಿ ನಿಂತು ಬಿದಿರ ಮೆಳೆಯ ಕಡೆ ನೋಡುತ್ತಿದ್ದೆವು. ನೀರು ಬೀದಿಯ ತಲೆಯ ಕಡೆಯಿಂದ, ಹಳೆಯ ಗದ್ದೆ ಕಾಲುವೆ ಹಿಡಿದು, ನಮ್ಮ ಬೆನ್ನ ಹಿಂದೆ ಬಂದು ನಿಂತಿತ್ತು. ಹೆಂಡತಿ ಮಗುವನ್ನೆತ್ತಿಕೊಂಡು ಪಕ್ಕದ ಮನೆಯವರ ಜೊತೆ ದಿಬ್ಬದ ಕಡೆ ಹೋದಳು. ನಾನು ತಾಯಿಯನ್ನು ಮಂಚದಿಂದ ಎತ್ತಲು ನೋಡಿದೆ, ಆಗಲಿಲ್ಲ. ಅವರ ಬಿದ್ದುಹೋದ ಬಲಗೈ ಮಂಚದ ಪಟ್ಟಿಗೆ ಸಿಕ್ಕಿಕೊಂಡಿತ್ತು. ನೀರು ಮಂಡಿಗೆ ಬಂತು.

ಆಗ ಮೇಸ್ತ್ರಿ ಬಂದ. ಯಾರೂ ಕರೆದಿರಲಿಲ್ಲ. ಸೊಂಟದ ಹಗ್ಗ ಬಿಚ್ಚಿ, ಕಂಬಳಿಯಲ್ಲಿ ತಾಯಿಯನ್ನು ಸುತ್ತಿ, ಬೆನ್ನಿಗೆ ಕಟ್ಟಿಕೊಂಡ. ಒಳಗಿನ ಗೋಡೆಯ ದೀಪದ ಗೂಡಿನ ಕಡೆ ಕೈ ತೋರಿಸಿ, "ಆ ಗೂಡಿನ ತಳಕ್ಕೆ ಬಂದು ನಿಲ್ತದೆ. ಅದಕ್ಕಿಂತ ಮೇಲಿರೋದು ಉಳೀತದೆ. ಬನ್ನಿ, ನಡೀರಿ," ಎಂದ.

ನಾನು ಹೋಗಲಿಲ್ಲ. ಟ್ರಂಕಿನಲ್ಲಿದ್ದ ಮನೆಯ ಕ್ರಯಪತ್ರ ಹುಡುಕುತ್ತಿದ್ದೆ. ಇದನ್ನು ಬರೆಯಲು ಇಷ್ಟವಿಲ್ಲ, ಆದರೆ ನಡೆದದ್ದು ಹಾಗೆ. ಬೀಗದ ಕೈ ಸಿಗಲಿಲ್ಲ. ಟ್ರಂಕು ಒಡೆಯಲು ನೋಡಿದೆ. ತಾಯಿಯನ್ನು ಬೆನ್ನಿಗೆ ಕಟ್ಟಿಕೊಂಡ ಮೇಸ್ತ್ರಿ ಹೊಸಿಲಲ್ಲಿ ನಿಂತು, ನಾನು ಬಾರದೆ ಹೊರಡಲೂ ಆಗದೆ, ಕಾಯುತ್ತಿದ್ದ. ಎಷ್ಟು ಹೊತ್ತು ಕಾಯಿಸಿದೆನೋ. ಕೊನೆಗೆ ಅವನು ಕೂಗಿದ್ದು ಕೇಳಿತು:

"ಪತ್ರ ತೇಲ್ತದೆ ಮೇಷ್ಟ್ರೇ! ಅಮ್ಮ ತೇಲಲ್ಲ!"

ಬೀದಿ ದಾಟುವಾಗ ನೀರು ಅವನ ಎದೆ ಮುಟ್ಟಿತ್ತು. ತಾಯಿ ಕೊರಳವರೆಗೆ ನೆನೆದಿದ್ದರು. ಶಾಲೆಯ ಕೋಣೆಯಲ್ಲಿ ಮಲಗಿಸಿದೆವು. ಐದನೆಯ ದಿನ ಅಲ್ಲೇ, ನಾನು ಎರಡನೆಯ ತರಗತಿಗೆ ಪಾಠ ಮಾಡುತ್ತಿದ್ದ ಕೋಣೆಯಲ್ಲೇ ತೀರಿಕೊಂಡರು.

ನೀರಿಳಿದ ಮೇಲೆ ಮನೆಗೆ ಹೋಗಿ ನೋಡಿದೆ. ಕೆಸರಿನ ಗೆರೆ ದೀಪದ ಗೂಡಿನ ತಳಕ್ಕೆ ಸರಿಯಾಗಿ ಬಂದು ನಿಂತಿತ್ತು, ಅಡ್ಡಪಟ್ಟಿ ಇಟ್ಟು ಎಳೆದಂತೆ. ಮೇಸ್ತ್ರಿ ಹಿಂದಿನಿಂದ ಬಂದು ಎಂದಿನ ಹಾಗೆ ಗೋಡೆಗೆ ಅಂಗೈ ಊರಿದ. ಗೆರೆ ಅವನ ಅಂಗೈ ಕೆಳಗಿತ್ತು. ಇಷ್ಟು ದಿನ ಆ ಕೈ ಏನು ಹುಡುಕುತ್ತಿತ್ತು ಎಂದು ಆಗ ತಿಳಿಯಿತು.

"ನಿನಗೆ ಗೊತ್ತಿತ್ತು," ಎಂದೆ.

"ಗೊತ್ತಿತ್ತು."

"ಹೇಳಲಿಲ್ಲ."

"ನೀವು ಗೆದ್ದಲು ಕೇಳಿದ್ರಿ. ಹೇಳ್ದೆ."

ಅವನನ್ನು ಹೊಡೆಯಬೇಕೆನಿಸಿತು. ಅವನು ನನ್ನ ತಾಯಿಯನ್ನು ಹೊತ್ತವನು ಎನ್ನುವುದು ನೆನಪಾಗಿ ಕೈ ತಡೆಯಿತು. ಅವನೂ ಅಲ್ಲಿಂದ ಹೋಗಲಿಲ್ಲ. ಸನಿಕೆ ತಂದು ಕೆಸರು ತೆಗೆಯತೊಡಗಿದ. ಹನ್ನೆರಡು ದಿನ ಕೆಲಸ ಮಾಡಿದ. ಕೂಲಿ ಕೊಡಲು ಹೋದಾಗ ಬೇಡವೆಂದು ತಲೆಯಾಡಿಸಿದ.

ಆ ಹನ್ನೆರಡು ದಿನಗಳಲ್ಲಿ ಅವನು ನನಗೆ ಪಾಠ ಹೇಳಿದ. ಹೇಳಬೇಕೆಂದು ಹೇಳಿದ್ದಲ್ಲ, ಕೆಲಸ ಮಾಡುತ್ತ ಕೈಗೆ ಸಿಕ್ಕಿದ್ದನ್ನು ತೋರಿಸಿ ಕೇಳುತ್ತಿದ್ದ.

"ಈ ಬಾಗಿಲು ನೋಡಿ ಮೇಷ್ಟ್ರೇ. ಮೇಲಿನ ಹಲಗೆ ಹಳೇ ಹಲಸು. ಕೆಳಗಿನ ಎರಡು ಹೊಸಾ ಕಾಡುಮರ. ಯಾಕೆ?"

"ಕೆಳಗಿನದು ಕೊಳೆತಿತ್ತು."

"ಯಾಕೆ ಕೊಳೀತು?"

ಇನ್ನೊಂದು ದಿನ ಬೀದಿಗೆ ಕರೆದುಕೊಂಡು ಹೋಗಿ ಎರಡೂ ಸಾಲು ತೋರಿಸಿದ. ಎಲ್ಲ ಮನೆಯಲ್ಲೂ ಭತ್ತದ ಕಣಜ ಅಟ್ಟದ ಮೇಲೆ. ದೇವರ ಗೂಡು ಆಳೆತ್ತರದಲ್ಲಿ. ಕೈಯಲ್ಲಿ ಕಾಸು ಓಡಾಡಿದವರು ಒಬ್ಬೊಬ್ಬರಾಗಿ ದಿಬ್ಬ ಹತ್ತಿದ್ದಾರೆ. "ಹಳೇ ಕಾಲದೋರು ದೇವಸ್ಥಾನ ಎಲ್ಲಿ ಕಟ್ಟವ್ರೆ ನೋಡಿ. ಊರಿನ ಮೊದಲನೇ ಮನೆ ಎಲ್ಲದೆ ನೋಡಿ. ಅದಕ್ಕಿಂತ ಕೆಳಗೆ ಇರೋದೆಲ್ಲ ಹೊಳೇದು. ನಾವು ಅದರ ಜಾಗದಲ್ಲಿ ಕೂತಿದೀವಿ, ಅಷ್ಟೇಯ." ನನ್ನ ಹೆಂಡತಿ ಅಟ್ಟದ ಮರಳಿನ ಮಾತೆತ್ತಿದಾಗ ಅವನು ಕರಣೆ ಕೆಳಗಿಟ್ಟು, "ತಾಯಿ, ನೀವು ಕಂಡುಹಿಡಿದಿದ್ರಿ. ಇವರು ಬಿಡ್ಲಿಲ್ಲ," ಎಂದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಕೊನೆಯ ದಿನ, ಸುಣ್ಣದ ಗುಂಡಿಯ ಪಕ್ಕ ಕೂತಿದ್ದಾಗ, ನಾನು ಕೇಳದೆಯೇ ತನ್ನ ಕತೆ ಹೇಳಿದ.

"ಒಂದ್ಸಲ ಹೇಳಿದ್ದೆ ಮೇಷ್ಟ್ರೇ. ನಡುಬೀದಿ ಮನೆ. ತಗೊಳ್ಳೋಕೆ ಬಂದೋರಿಗೆ, ಬೇಡ ಸ್ವಾಮಿ, ಇಲ್ಲಿಗೆ ಹೊಳೆ ಬತ್ತದೆ ಅಂದೆ. ಅವರು ಹಿಂದಕ್ಕೆ ಹೋದ್ರು. ಬೀದಿಯೋರೆಲ್ಲ ಸೇರಿ ಒಂದು ವರ್ಷ ನನ್ನ ಕೈಲಿ ಒಂದು ಇಟ್ಟಿಗೆ ಇಡಿಸ್ಲಿಲ್ಲ. ಹೊಟ್ಟೆಗೆ ಬೇಕಲ್ಲ, ಗೋಣಿಕೊಪ್ಪಲು ಕಡೆ ಎಸ್ಟೇಟಿಗೆ ಹೋದೋ. ಕೂಲಿ ಲೈನಿನಲ್ಲಿ ಇದ್ದು ಕಾಫಿ ಹಣ್ಣು ಕುಯ್ದೋ. ಅಲ್ಲಿ ಚಳಿಜ್ವರ. ಹೋಗುವಾಗ ನಾಲ್ಕು ಜನ ಹೋಗಿದ್ದೋ. ಬರುವಾಗ ಮೂರು ಜನ ಬಂದೋ."

ಗುಂಡಿಗೆ ಒಂದು ಚೊಂಬು ನೀರು ಹಾಕಿ, "ಆಮೇಲಿಂದ ಸುಣ್ಣ ಬಳಿ ಅಂದ್ರೆ ಬಳೀತೀನಿ," ಎಂದ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಒಬ್ಬ ನೊಂದವನಾಗಿ ಉಳಿಯುತ್ತೇನೆ. ನಿಲ್ಲಿಸುವುದು ಸರಿಯಲ್ಲ.

ಮುಂದಿನ ವರ್ಷ ಕಳೆದು ನನಗೆ ವಿರಾಜಪೇಟೆಗೆ ವರ್ಗವಾಯಿತು. ಮನೆ ಮಾರಲೇಬೇಕು. ಬೇಸಿಗೆ ಬರುತ್ತಿದ್ದ ಹಾಗೆ ಮೇಸ್ತ್ರಿಗೆ ಹೇಳಿಕಳಿಸಿದೆ. ಬಂದ. ಗೋಡೆ ನೋಡಿದ. ಆ ಸಲ ನನ್ನ ಮುಖವನ್ನೂ ನೋಡಿದ. ಒಳಗೋಡೆಗೆ ಹೋದ ಸಲ ಸುಣ್ಣ ಬಳಿಸಿರಲಿಲ್ಲ, ಗೆರೆ ಮಾಸಿದ್ದರೂ ಎದ್ದು ಕಾಣುತ್ತಿತ್ತು.

"ಇದನ್ನೂ ಮುಚ್ಚಲಾ?"

ಒಂದೇ ಒಂದು ಪ್ರಶ್ನೆ. ನಾನು ಹೊರಗೆ ಬಾವಿಯ ಕಡೆ ನೋಡುತ್ತ, "ಎಲ್ಲಾ ಕಡೆ ಒಂದೇ ಸಮ ಬಳಿದುಬಿಡು," ಎಂದೆ. ಅವನು ಏಣಿ ತರಲು ಹೋದ.

ಕೊಳ್ಳಲು ಬಂದವನು ಆಸ್ಪತ್ರೆಯ ಕಾಂಪೌಂಡರ್. ಜೊತೆಗೆ ಬಸುರಿ ಹೆಂಡತಿ, ಸಂಪಾಜೆ ಕಡೆಯವಳು. ಕಾಂಪೌಂಡರ್ ನನ್ನ ಹಾಗೆಯೇ ತೊಲೆ ಬಡಿದ, ಪತ್ರ ಕೇಳಿದ. ಅವಳು ನೇರ ಹಿತ್ತಲಿಗೆ ಹೋಗಿ ಹೊಳೆ ನೋಡಿ ಬಂದಳು. ನನ್ನನ್ನು ಕೇಳಲಿಲ್ಲ. ಕುಂಚ ತೊಳೆಯುತ್ತಿದ್ದ ಮೇಸ್ತ್ರಿಯ ಮುಂದೆ ನಿಂತಳು.

"ಮೇಸ್ತ್ರಿ, ಮಳೆಗಾಲಲಿ ಇಲ್ಲಿಗೆ ನೀರು ಎಷ್ಟು ಬಂದದೆ? ನಮ್ಮ ಊರುಲಿ ಮನೆ ನೋಡಿಕೆ ಹೋದರೆ ಮೊದಲು ಹೊಳೆ ಸಂಗತಿಯೇ ಕೇಳುದು."

ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಅವನು ಕುಂಚ ಬಕೆಟ್ಟಿನಲ್ಲಿಟ್ಟು ಎದ್ದ. ಒದ್ದೆ ಕೈಯನ್ನು ತನ್ನ ಎದೆಯ ಮೇಲೆ ಅಡ್ಡವಾಗಿ ಇಟ್ಟು ತೋರಿಸಿದ. ಅವಳು ಆ ಕೈಯನ್ನು ನೋಡಿದಳು, ತನ್ನ ಹೊಟ್ಟೆಯನ್ನು ನೋಡಿಕೊಂಡಳು, ಗಂಡನ ತೋಳು ಹಿಡಿದಳು. ಇಬ್ಬರೂ ಹೊರಟುಹೋದರು.

ಆಮೇಲೆ ನಾನು ಆಡಿದ ಮಾತುಗಳನ್ನು ಬೀದಿಯವರೆಲ್ಲ ಜಗಲಿಗೆ ಬಂದು ಕೇಳಿದರು. ಉಂಡ ಮನೆಗೆ ಎರಡು ಬಗೆಯುವವನು ಎಂದೆ. ಅವನು ನನ್ನ ಮನೆಯಲ್ಲಿ ಒಂದು ದಿನವೂ ಉಂಡಿರಲಿಲ್ಲ. ಒಕ್ಕಣ್ಣ ಎಂದೆ. ನನ್ನ ತಾಯಿಯನ್ನು ಕೊಂದವನು ಎಂದೂ ಅಂದೆ.

ಅವನು ಏಣಿ ಹೆಗಲಿಗೇರಿಸಿಕೊಂಡು, "ಆಯಮ್ಮ ಕೇಳಿದ್ಲು ಮೇಷ್ಟ್ರೇ," ಎಂದ. "ಬಾಯ್ಬಿಟ್ಟು ಕೇಳಿದ್ಲು."

ಅಷ್ಟಕ್ಕೂ ನನ್ನ ಸಿಟ್ಟು ಇಳಿಯಲಿಲ್ಲ. ಆ ವರ್ಷ ಶಾಲೆಯ ಗೋಡೆಗಳಿಗೆಲ್ಲ ಗಾರೆ ಮಾಡಿಸುವ ಕೆಲಸ ಅವನಿಗೇ ಎಂದು ಮಾತಾಗಿತ್ತು. ನಾನು ಹೆಡ್‌ಮೇಷ್ಟ್ರ ಹತ್ತಿರ ಹೋಗಿ, ನಂಬಿಕೆಯ ಆಳಲ್ಲ, ಬೇರೆಯವರನ್ನು ನೋಡಿ ಎಂದು ಹೇಳಿದೆ. ಅವರು ಬೇರೆಯವರನ್ನು ನೋಡಿದರು. ಬೀದಿಯವರಿಗಂತೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವರಿಗೆ ಹಿಂದಿನ ಅಭ್ಯಾಸವಿತ್ತು. ಈ ಸಲ ಅವರ ಮುಂದೆ ನಿಂತವನು ನಾನು, ಅಷ್ಟೇ ವ್ಯತ್ಯಾಸ.

ಬೇರೆ ಆಳಿಂದ ಇನ್ನೊಂದು ಕೈ ಸುಣ್ಣ ಹೊಡೆಸಿದೆ. ಹಾಸನದ ಕಡೆಯಿಂದ ಹೊಸದಾಗಿ ಬಂದಿದ್ದ ಒಬ್ಬ ದರ್ಜಿ, ಹೆಂಡತಿ, ಎರಡು ಮಕ್ಕಳು ಮನೆ ನೋಡಲು ಬಂದರು. ನೋಡಿದ್ದು ಅರ್ಧ ಗಂಟೆಯೂ ಇಲ್ಲ. ನಾನು ಪತ್ರಗಳನ್ನು ಬಿಚ್ಚಿ ಹರಡಲು ಹೋದರೆ ದರ್ಜಿ ಕೈ ಮುಗಿದು ತಡೆದ.

"ಬಿಡಿ ಮೇಷ್ಟ್ರೇ, ನೀವು ಸಂಸಾರ ಮಾಡಿರೋ ಮನೆ. ನೋಡೋದೇನಿದೆ?"

ನಾನು ಪತ್ರಗಳನ್ನು ಮಡಿಸಿದೆ. ಅವನು ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ ಎನ್ನುತ್ತಿದ್ದೆ. ಈಗ ಬೇರೆ ಉತ್ತರ ಬರೆದು ಒಳ್ಳೆಯವನಾಗುವುದು ಸುಲಭ.

ವಿರಾಜಪೇಟೆಯಲ್ಲಿ ಏರಿನ ಮೇಲೊಂದು ಬಾಡಿಗೆ ಮನೆ ಹಿಡಿದೆವು. ಹೆಂಡತಿ ಮನೆ ನೋಡಲು ತಾನೇ ಹೋಗಿದ್ದಳು, ನನ್ನನ್ನು ಕರೆಯಲಿಲ್ಲ. ಕೊಡಗು ಮೈಸೂರಿಗೆ ಸೇರುತ್ತದೆ ಎಂದು ಎಲ್ಲೆಲ್ಲೂ ಮಾತು ನಡೆಯುತ್ತಿದ್ದ ಮಳೆಗಾಲವದು. ಪೇಟೆಯಲ್ಲಿ ಇಬ್ಬರು ಸೇರಿದರೆ ಅದೇ ಚರ್ಚೆ. ಕುಶಾಲನಗರದಿಂದ ಮೆಣಸು ಕೊಳ್ಳಲು ಬಂದ ಒಬ್ಬ ವ್ಯಾಪಾರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಅದೇ ಮಾತಿನ ನಡುವೆ, "ಹೊಳೆ ಬೀದಿಗೆ ಮತ್ತೆ ನೀರು ಬಂತಲ್ಲ ಮೇಷ್ಟ್ರೇ. ನಿಮ್ಮ ಮೇಸ್ತ್ರಿ ಹೋದ, ಗೊತ್ತಾಯ್ತಾ?" ಎಂದ.

ನಡೆದದ್ದನ್ನು ಅವನೇ ಹೇಳಿದ. ಹೊಳೆಯಲ್ಲಿ ಬಿದಿರು ಬೇರು ಸಮೇತ ತೇಲಿ ಬಂದದ್ದನ್ನು ಕಂಡ ದಿನವೇ ಮೇಸ್ತ್ರಿ ದರ್ಜಿಯ ಸಂಸಾರವನ್ನು ದಿಬ್ಬದ ಮೇಲಿನ ತನ್ನ ಗುಡಿಸಲಿಗೆ ಕರೆದೊಯ್ದಿದ್ದ. ದರ್ಜಿಗೆ ಹೊರಡಲು ಮನಸ್ಸಿರಲಿಲ್ಲವಂತೆ. ಮೇಸ್ತ್ರಿ ಅವನ ಹೊಲಿಗೆ ಮಿಷನ್ನನ್ನು ತಾನೇ ತಲೆಯ ಮೇಲೆ ಹೊತ್ತು ನಡೆದುಬಿಟ್ಟನಂತೆ. ಮಿಷನ್ನಿನ ಹಿಂದೆ ದರ್ಜಿ, ದರ್ಜಿಯ ಹಿಂದೆ ಹೆಂಡತಿ ಮಕ್ಕಳು. ಮರುದಿನ ನೀರು ಬಂತು. ಯಾರಿಗೂ ಏನೂ ಆಗಲಿಲ್ಲ. ನೀರಿಳಿದ ಮೇಲೆ ಆ ಮನೆಯ ಹಿಂಬದಿಯ ಮಣ್ಣುಗೋಡೆ ಬಾಗಿತ್ತು. ಬಿಸಿಲು ಬೀಳುವವರೆಗೆ ಕಾಯಬೇಕಿತ್ತು. ದರ್ಜಿಗೆ ಅವಸರವಿತ್ತು, ಗುಡಿಸಲಲ್ಲಿ ಎಷ್ಟು ದಿನ ಇರುವುದು. ಮೇಸ್ತ್ರಿ ಗೋಡೆಗೆ ಊರುಗೋಲು ಕೊಡಲು ಹೋದ. ಹಸಿಗೋಡೆ ಅವನ ಮೇಲೆ ಕೂತಿತು.

ಹನ್ನೊಂದನೆಯ ದಿನಕ್ಕೆ ನಾನು ಹೋದೆ. ಹೆಂಡತಿ ಬರುವುದಿಲ್ಲ ಎಂದಳು. ಯಾಕೆಂದು ನಾನು ಕೇಳಲಿಲ್ಲ.

ಅವನ ಗುಡಿಸಲಿಗೆ ನಾನು ಹೋದದ್ದು ಅದೇ ಮೊದಲು. ಇಷ್ಟು ವರ್ಷ ಊರಿಗೆಲ್ಲ ಗಾರೆ ಮಾಡಿದವನ ಮನೆಗೆ ಗಾರೆ ಇರಲಿಲ್ಲ, ಬಿದಿರು ತಡಿಕೆಗೆ ಮಣ್ಣು ಮೆತ್ತಿದ್ದ. ಬಾಗಿಲಲ್ಲಿ ನಿಂತರೆ ಕೆಳಗೆ ಇಡೀ ಹೊಳೆ ಬೀದಿ, ಅದರಾಚೆ ಕಂದು ಬಣ್ಣದ ಕಾವೇರಿ ಕಾಣುತ್ತಿತ್ತು. ಒಳಗೆ ಒಂದು ಮೂಲೆಯಲ್ಲಿ ಹೊಲಿಗೆ ಮಿಷನ್ನು, ದರ್ಜಿಯ ಮಕ್ಕಳ ಹಾಸಿಗೆ. ಮೇಸ್ತ್ರಿಯ ಹೆಂಡತಿ ಗೋಡೆಗೊರಗಿ ಕೂತಿದ್ದಳು. ನಾನು ಬೀದಿಯಲ್ಲಿ ಕೂಗಾಡಿದ ದಿನದ ನಂತರ ಅವಳನ್ನು ನೋಡಿರಲಿಲ್ಲ. ಅವಳು ಬಯ್ಯಲಿಲ್ಲ.

"ಮೇಷ್ಟ್ರು ಬಂದವ್ರೆ, ಕೂರಕ್ಕೆ ಏನಾರ ಕೊಡಿ," ಎಂದಳು.

ದರ್ಜಿಯ ಹೆಂಡತಿ ಮಣೆ ತಂದಿಟ್ಟಳು. ಕುಡಿಯಲು ನೀರು ಕೊಟ್ಟಳು. ಲೋಟ ಹಿಡಿದು ಕೂತೆ.

ದರ್ಜಿ ನನ್ನ ಪಕ್ಕಕ್ಕೆ ಬಂದು ಕೂತ. ಅವನ ಮುಖದಲ್ಲಿ ನನ್ನ ಮೇಲೆ ಸಿಟ್ಟಿರಬೇಕೆಂದು ಹುಡುಕಿದೆ, ಇರಲಿಲ್ಲ. ಸುತ್ತ ನೋಡಿ ದನಿ ತಗ್ಗಿಸಿದ.

"ಗೋಡೆ ಬೇರೆಯವರಿಂದ ಕಟ್ಟಿಸ್ತಾ ಇದೀನಿ ಮೇಷ್ಟ್ರೇ. ಬೇಸಿಗೆಗೆ ಸುಣ್ಣ ಆಗೋಯ್ತದೆ. ಮಾರಿಬಿಡಾನ ಅಂತ. ವಿರಾಜಪೇಟೆ ಕಡೆ ಯಾರಾರ ಮನೆ ಹುಡುಕ್ತಾ ಇದ್ರೆ ಒಂದು ಮಾತು ಹಾಕಿ. ನೀವು ಹೇಳಿದ್ರೆ ಜನ ನಂಬ್ತಾರೆ."

ಮೇಸ್ತ್ರಿಯ ಹೆಂಡತಿ ತಲೆ ಎತ್ತಿ ನನ್ನ ಕಡೆ ನೋಡಿದಳು.

"ನೋಡೋಣ," ಎಂದೆ.

ಅವಳು ಎದ್ದು, ನನ್ನ ಕೈಯಲ್ಲಿದ್ದ ಲೋಟ ತೆಗೆದುಕೊಂಡು, ಒಳಗೆ ಹೋದಳು.